ಆಪಾನ ಈಜುಡುಪಿಗೆ ಅಸ್ತರ

ಗಂಡಸರು ಬರೀ ಚಡ್ಡಿಯಲ್ಲಿ ಸಮುದ್ರಕ್ಕೆ ಹಾರಿದರೆ ಯಾರೂ ಏನೂ ಕೇಳುವುದಿಲ್ಲ. ಅಂಡಮಾನಿನ ಆ ಬೋಟಿನಲ್ಲಿ ಹಾಗೆ ಹಾರಿದವರು ಹಲವರಿದ್ದರು. ಹೊಟ್ಟೆ ಮುಂದೆ, ಹಿಂದಿನಿಂದ ಅವರು. ಅವರ ಚಡ್ಡಿ ಯಾವ ಬಟ್ಟೆಯದು, ನೀರಿನಲ್ಲಿ ತೊಡಕಾಗುತ್ತದೋ ಇಲ್ಲವೋ ಎಂದು ಬೋಟಿನವರು ಒಬ್ಬರನ್ನೂ ತಡೆದು ವಿಚಾರಿಸಲಿಲ್ಲ. ವಿಚಾರಣೆ ನಡೆದದ್ದು ನನ್ನ ಅಕ್ಕನದು ಮಾತ್ರ. ಮೈತುಂಬ, ತಲೆತುಂಬ, ಹಿಮ್ಮಡಿಯವರೆಗೂ ಬಟ್ಟೆ ತೊಟ್ಟವಳದು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಉರಿ ಆರುವ ಮೊದಲೇ ಬರೆದುಬಿಡುತ್ತೇನೆ.

ಅಕ್ಕನನ್ನು ನಾವು ಆಪಾ ಎನ್ನುತ್ತೇವೆ. ಮನೆಯೊಳಗೆ ನಮ್ಮದು ದಖ್ಖನಿ ಉರ್ದು. ಆದರೆ ಆಪಾ ಸುರಪುರದ ತನ್ನ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಆಡುವುದು ಊರಿನ ಕನ್ನಡ, ನಾನು ಶಹಾಪುರದ ಶಾಲೆಯಲ್ಲಿ ಕಲಿಸುವುದೂ ಕನ್ನಡ. ಹಾಗಾಗಿ ನಮ್ಮನಮ್ಮೊಳಗಿನ ಮಾತನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಆಪಾ ಹೆಣ್ಣುಮಕ್ಕಳ ಬಟ್ಟೆ ಮಾತ್ರ ಹೊಲಿಯುತ್ತಾಳೆ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದ ಗಿರಾಕಿಗೆ ಟೇಪು ಹಿಡಿದು "ಕೈ ಎತ್ತು" ಎನ್ನುತ್ತಾಳೆ, ಅಷ್ಟಕ್ಕೇ ಆ ಮಾತು ಮುಗಿಯುತ್ತದೆ. ಅವಳ ಮಿಷನ್ನು ಗೋಡೆಗೆ ಮುಖ ಮಾಡಿದೆ. ಇಷ್ಟು ವರ್ಷ ಅವಳು ನೋಡಿರುವುದು ಆ ಗೋಡೆ, ಸೂಜಿಯ ತುದಿ, ಮತ್ತು ಬಟ್ಟೆಯ ಮೇಲಿನ ಬಣ್ಣ.

ಸಮುದ್ರದ ಹುಚ್ಚು ಹತ್ತಿದ್ದೂ ಬಟ್ಟೆಯಿಂದಲೇ. ಕಕ್ಕೇರಾದ ಒಬ್ಬಾಕೆ ಮಗಳ ಫ್ರಾಕಿಗೆಂದು ಮೀನಿನ ಚಿತ್ರವಿದ್ದ ಬಟ್ಟೆ ತಂದಿದ್ದಳು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ, ನೀಲಿ ಮೈಗೆ ಹಳದಿ ಬಾಲ. ಅವತ್ತು ನಾನು ಅಂಗಡಿಯಲ್ಲಿದ್ದೆ. ಆಪಾ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇಂಥಾ ಮೀನ ಖರೇನ ಇರ್ತಾವೇನು, ಇಲ್ಲ ಮಿಲ್ಲಿನವ್ರು ತಮಗ ತಿಳಿದಂಗ ಬಣ್ಣ ಹಚ್ಯಾರ?"

ಇರುತ್ತವೆ ಎಂದೆ. ಫೋನಿನಲ್ಲಿ ವಿಡಿಯೋ ತೋರಿಸಿದೆ. ಆಪಾ ನಂಬಲಿಲ್ಲ.

"ಫೋನಿನ್ಯಾಗ ನನ್ನ ಮಾರಿನೂ ಬೆಳ್ಳಗ ಕಾಣ್ತದ. ನನ್ನ ಕಣ್ಣಿಲೆ ನೋಡಬೇಕು."

ಅವಳು ತನಗೆಂದು ಏನನ್ನಾದರೂ ಬೇಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಹಜ್ಜಿಗೆ ಹೋಗು ಅಂದರೆ ಮೊದಲು ಅವರಿವರು ಹೋಗಲಿ ಎಂದವಳು, ಹೈದರಾಬಾದಿಗೆ ಬಾ ಅಂದರೆ ಈದ್ ಹೊಲಿಗೆ ಇದೆ ಎಂದವಳು. ಅವಳಿಗೆ ಬೇಕಾದದ್ದು ಇಷ್ಟೇ: ನೀರಿನೊಳಗೆ ಮುಖ ಇಟ್ಟು, ಆ ಬಣ್ಣ ನಿಜವೋ ಸುಳ್ಳೋ ನೋಡುವುದು. ದಸರಾ ರಜೆಗೆ ಅಂಡಮಾನಿಗೆ ಹೋಗೋಣ ಎಂದು ನಾನೇ ಹಟ ಹಿಡಿದೆ.

ಯಾದಗಿರಿಯ ಟ್ರಾವೆಲ್ಸಿನವನು ಫೋನಿನಲ್ಲೇ ಎಚ್ಚರಿಸಿದ. "ಸೀರಿ, ಬುರ್ಖಾ, ದುಪಟ್ಟಾ ಏನೂ ನಡೆಯಂಗಿಲ್ರಿ ಮೇಡಂ. ಬಟ್ಟಿ ಮೈಗೆ ಹತ್ತಿದ್ದಿರಬೇಕು. ಸಡ್ಲ ಇತ್ತಂದ್ರ ಬೋಟಿನವ್ರು ನೀರಿಗೆ ಇಳಿಸಂಗಿಲ್ಲ."

ಆಪಾ ನಕ್ಕಳು. ಮೈಗೆ ಹತ್ತುವಂತೆ ಹೊಲಿಯುವುದನ್ನು ಅವಳಿಗೆ ಯಾರು ಕಲಿಸಬೇಕು? ಕಲಬುರಗಿಯಿಂದ ಆಟಗಾರರ ಅಂಗಿಗೆ ಬಳಸುವ ಹಿಗ್ಗುವ ಬಟ್ಟೆ ತರಿಸಿದಳು. ಗಾಢ ನೀಲಿ. ತಲೆಗೆ ಟೋಪಿ ಕೂಡಿಸಿ, ತೋಳು ಮಣಿಕಟ್ಟಿನವರೆಗೆ ಬಿಟ್ಟು, ಮೇಲಂಗಿಯನ್ನು ತೊಡೆಯವರೆಗೆ ಇಳಿಸಿ, ಕೆಳಗೆ ಬಿಗಿಯಾದ ಪೈಜಾಮ ಹೊಲಿದಳು. ಅಂಗಿ ನೀರಿನಲ್ಲಿ ಮೇಲೇರಬಾರದೆಂದು ಅಂಚಿಗೆ ಇಲಾಸ್ಟಿಕ್ ಕೊಟ್ಟಳು. ಆದರೆ ಬಟ್ಟೆ ತೆಳುವಾಗಿತ್ತು. ಒದ್ದೆಯಾದರೆ ಮೈಯ ಆಕಾರ ಎದ್ದು ಕಾಣುತ್ತಿತ್ತು. ಅದಕ್ಕೆ ಅವಳು ಜೀವಮಾನವೆಲ್ಲ ಮಾಡಿದ್ದನ್ನೇ ಮಾಡಿದಳು. ಮೇಲಂಗಿಯ ಒಳಗೆ ಸುತ್ತಲೂ ಕಾಟನ್ನಿನ ಅಸ್ತರ ಕೊಟ್ಟಳು. ನಮ್ಮ ಕಡೆ ಮರ್ಯಾದಸ್ಥ ಹೆಣ್ಣುಮಕ್ಕಳ ಬಟ್ಟೆಗೆ ಒಳಗೊಂದು ಇಂಥ ಪದರ ಇರಲೇಬೇಕು. ಅಸ್ತರವಿಲ್ಲದ ಒಂದು ಫ್ರಾಕೂ ಆಪಾನ ಅಂಗಡಿಯಿಂದ ಹೊರಗೆ ಹೋಗಿಲ್ಲ.

ಪರೀಕ್ಷೆಯೂ ಆಯಿತು. ಬಚ್ಚಲಲ್ಲಿ ಉಡುಪು ತೊಟ್ಟು ನಿಂತಳು. ನಾನು ಮುಂದಿನಿಂದ ಒಂದು ಬಕೆಟ್, ಹಿಂದಿನಿಂದ ಒಂದು ಬಕೆಟ್ ನೀರು ಸುರಿದೆ. ದೀಪದ ಕೆಳಗೆ ಸುತ್ತಲೂ ತಿರುಗಿಸಿ ನೋಡಿದೆ.

"ಎಲ್ಲೂ ಏನೂ ಕಾಣಂಗಿಲ್ಲ ಆಪಾ."

"ಹಂಗಾದ್ರ ಆತು," ಎಂದಳು. ಕಾಣುತ್ತದೋ ಇಲ್ಲವೋ ಎಂಬುದನ್ನು ಬಿಟ್ಟು ಈಜುಡುಪಿನಲ್ಲಿ ನೋಡಬೇಕಾದದ್ದು ಇನ್ನೇನಾದರೂ ಇದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಯಾದಗಿರಿಯಿಂದ ಚೆನ್ನೈಗೆ ರೈಲು, ಅಲ್ಲಿಂದ ವಿಮಾನ. ಜೊತೆಗೆ ನಮ್ಮ ಮನೆಯವರು. ಅವರು ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿದ್ದಾರೆ. ಕಾಲುವೆಗೆ ನೀರು ಬಿಡುವ ಕಚೇರಿಯಲ್ಲಿದ್ದೂ ಮೊಣಕಾಲು ಮುಳುಗುವಷ್ಟು ನೀರಿಗೆ ಎಂದೂ ಇಳಿದವರಲ್ಲ. ನಾನು ದಡದಲ್ಲಿ ಚಪ್ಪಲಿ ಕಾಯುತ್ತೇನೆ ಎಂದು ಮೊದಲೇ ಹೇಳಿ ಬಂದಿದ್ದರು. ಆದರೆ ಬೋಟು ಹೊರಡುವಾಗ ನಮ್ಮಿಬ್ಬರನ್ನೇ ಬಿಡಲು ಮನಸ್ಸಾಗದೆ ಹತ್ತಿದರು. ಹತ್ತಿದ ಸ್ವಲ್ಪ ಹೊತ್ತಿಗೇ ಪ್ಲಾಸ್ಟಿಕ್ ಚೀಲವೊಂದನ್ನು ಬಾಯಿಗೆ ಹಿಡಿದು ಮೂಲೆ ಸೇರಿದರು.

ಬೋಟು ಹತ್ತುವ ಮೊದಲೇ ಗಲಾಟೆ ಶುರುವಾಗಿತ್ತು. ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಮ್ಯಾನೇಜರು ಆಪಾನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಇದು ನಡೆಯುವುದಿಲ್ಲ, ನಮ್ಮ ಬಾಡಿಗೆ ಡ್ರೆಸ್ ಹಾಕಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದ. ಅವನ ಡ್ರೆಸ್ಸು ಹಗ್ಗದ ಮೇಲೆ ನೇತಾಡುತ್ತಿತ್ತು. ಅರ್ಧ ತೋಳು, ಅರ್ಧ ತೊಡೆ, ಹಿಂದಿನವರ ಮೈಯ ಒದ್ದೆ ಇನ್ನೂ ಆರಿರಲಿಲ್ಲ. ನಮ್ಮ ಬಟ್ಟೆಯಲ್ಲಿ ಏನು ತಪ್ಪು ಎಂದು ಕೇಳಿದೆ. ಸೇಫ್ಟಿ ಎಂದ. ಬಟ್ಟೆ ಸಡಿಲವಿದೆಯೇ ಹಿಡಿದು ನೋಡಿ ಎಂದು ಆಪಾನ ತೋಳಿನ ಬಟ್ಟೆ ಎಳೆದು ತೋರಿಸಿದೆ. ಅದು ಚಟ್ಟನೆ ಮೈಗೆ ಕೂತುಕೊಂಡಿತು. ಅವನ ಹಿಂದೆಯೇ ಒಬ್ಬ ಗಿರಾಕಿ, ಮೊಣಕಾಲಿನ ಕೆಳಗೆ ಜೋಲುವ ದೊಗಳೆ ಬರ್ಮುಡಾ ತೊಟ್ಟು ಎಳನೀರು ಕುಡಿಯುತ್ತಿದ್ದ. ಅವನದು ಸೇಫ್ಟಿಯೇ ಎಂದು ಕೇಳಿದೆ. ಮ್ಯಾನೇಜರು, ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂದು ಗೊಣಗಿ, ನಮ್ಮನ್ನು ಬೋಟಿಗೆ ಬಿಟ್ಟ. ಶಾಲೆಯಲ್ಲಿ ಗದ್ದಲ ಅಡಗಿಸಿ ಅಡಗಿಸಿ ನನ್ನ ಗಂಟಲು ಗಟ್ಟಿ. ಅದು ಅವತ್ತು ಉಪಯೋಗಕ್ಕೆ ಬಂತು.

ಬೋಟು ಇನ್ನೊಂದು ಸಣ್ಣ ದ್ವೀಪದ ಮಗ್ಗುಲಿಗೆ ಬಂದು ನಿಂತಿತು. ಕೆಳಗೆ ಹವಳದ ದಿಬ್ಬ ಇದೆ ಎಂದರು. ಮೇಲಿನಿಂದ ನೀರು ಹಸಿರು, ಅಲ್ಲಲ್ಲಿ ಕಪ್ಪು ನೆರಳು, ಬೇರೇನೂ ಕಾಣುತ್ತಿರಲಿಲ್ಲ. ಕ್ರಮ ಹೀಗೆ: ಒಬ್ಬೊಬ್ಬರಾಗಿ ಏಣಿ ಇಳಿಯಬೇಕು. ತೇಲಲು ಕೈಗೊಂದು ರಬ್ಬರಿನ ರಿಂಗ್, ಕಣ್ಣು ಮೂಗಿಗೆ ಗಾಜಿನ ಮಾಸ್ಕ್, ಬಾಯಲ್ಲಿ ಉಸಿರಾಡುವ ಕೊಳವೆ. ಗೈಡ್ ಆ ರಿಂಗ್ ಹಿಡಿದು ಎಳೆದುಕೊಂಡು ಹೋಗುತ್ತಾನೆ, ನಾವು ಮುಖ ಕೆಳಗೆ ಮಾಡಿ ನೋಡುತ್ತಿರಬೇಕು. ಸರದಿ ಮುಗಿದರೆ ಮೇಲಕ್ಕೆ. ಗೈಡ್ ಇಪ್ಪತ್ತರ ಆಚೀಚಿನ ಹುಡುಗ. ಕೈಗೆ ಕ್ಯಾಮೆರಾ ಕಟ್ಟಿಕೊಂಡಿದ್ದ. ಅವನ ಗಮನವೆಲ್ಲ ಅದರಲ್ಲೇ. ಒಬ್ಬೊಬ್ಬರ ಕತ್ತು ಹಿಡಿದು ನೀರಿಗೆ ಅದ್ದುತ್ತಿದ್ದ, ಹೆಬ್ಬೆರಳು ಎತ್ತಿಸುತ್ತಿದ್ದ, ವಿಡಿಯೋ ತೆಗೆದು ವಾಪಸು ಕಳಿಸುತ್ತಿದ್ದ. ಏನು ನೋಡಿದಿರಿ ಎಂದು ನಾನು ಮೇಲೆ ಬಂದ ಒಬ್ಬರನ್ನು ಕೇಳಿದೆ. ವಿಡಿಯೋದಲ್ಲಿ ನೋಡಬೇಕು ಎಂದರು. ಅಷ್ಟು ದೂರ ಬಂದು, ನೀರಿನೊಳಗೆ ಕಣ್ಣಿಟ್ಟು, ನೋಡುವುದನ್ನು ಫೋನಿಗೆ ಬಿಟ್ಟವರು ಅವರು.

ಆಪಾನ ಸರದಿ ಬಂತು. ಬಿಸ್ಮಿಲ್ಲಾ ಎಂದು ಏಣಿ ಇಳಿದಳು. ನೀರು ಸೊಂಟ ಮುಟ್ಟಿದ್ದೇ ತಡ, ಮೇಲಂಗಿಯ ಹೊಟ್ಟೆಯ ಭಾಗ ಉಬ್ಬತೊಡಗಿತು. ಒದ್ದೆಯಾದ ಕಾಟನ್ ಗಾಳಿ ಬಿಡುವುದಿಲ್ಲ. ಬಾವಿಯಲ್ಲಿ ಒದ್ದೆ ಪೈಜಾಮಕ್ಕೆ ಗಾಳಿ ತುಂಬಿ ತೇಲುವ ಹುಡುಗರಿಗೆಲ್ಲ ಗೊತ್ತಿರುವ ಸಂಗತಿ. ಎರಡು ಬಟ್ಟೆಗಳ ನಡುವೆ ಸಿಕ್ಕ ಗಾಳಿಗೆ ಹೊರಹೋಗಲು ದಾರಿ ಇರಲಿಲ್ಲ, ಅಂಚಿನಲ್ಲಿ ಆಪಾ ಕೊಟ್ಟ ಇಲಾಸ್ಟಿಕ್ ಅಷ್ಟು ಬಿಗಿಯಾಗಿತ್ತು. ಅವಳು ಮುಖ ಕೆಳಗೆ ಮಾಡುವುದು, ಹೊಟ್ಟೆ ಮೇಲಕ್ಕೆ ಒತ್ತಿ ಅವಳನ್ನು ಅಂಗಾತ ಮಗುಚುವುದು. ಮತ್ತೆ ಮಾಡುವುದು, ಮತ್ತೆ ಮಗುಚುವುದು. ಸಮುದ್ರದೊಳಗೆ ನೋಡಲು ಬಂದವಳು ಆಕಾಶ ನೋಡುತ್ತ ಮಲಗಿದ್ದಳು.

ಗೈಡ್ ನಕ್ಕ. ಒಬ್ಬ ನಕ್ಕರೆ ಬೋಟಿಗೆ ಬೋಟೇ ನಗಬೇಕಲ್ಲ, ನಕ್ಕಿತು. "ಗುಬ್ಬಾರಾ ಆಂಟಿ," ಎಂದ ಅವನು. ಗುಬ್ಬಾರಾ ಅಂದರೆ ಬಲೂನು. ಒಂದು ಕೈಯಲ್ಲಿ ಅವಳ ಹೊಟ್ಟೆ ಒತ್ತಿ ತೋರಿಸುತ್ತ ಇನ್ನೊಂದು ಕೈಯಲ್ಲಿ ವಿಡಿಯೋ ತೆಗೆಯತೊಡಗಿದ. ಕೈ ತೆಗೆಯೋ ಎಂದು ನಾನು ಮೇಲಿನಿಂದ ಕೂಗಿದೆ. ಅವನು ಅವಳನ್ನು ಏಣಿಯ ಹತ್ತಿರ ಎಳೆದು ತಂದು ಬಿಟ್ಟ, ಮುಂದಿನವರು ಬನ್ನಿ ಎಂದ.

"ಆಕಿ ಏನೂ ನೋಡಿಲ್ಲ," ಎಂದೆ. ಸರದಿ ಆಯಿತಲ್ಲ ಎಂದ. ನೋಡದೆ ಹೇಗೆ ಆಯಿತು ಎಂದೆ. ಪಕ್ಕದಲ್ಲಿ ಮೈ ಒರೆಸಿಕೊಳ್ಳುತ್ತಿದ್ದ ಚಡ್ಡಿಯ ಮಹಾಶಯರೊಬ್ಬರು, ಬಿಡಿ ಮೇಡಂ, ಈ ವಯಸ್ಸಿನವರಿಗೆ ಇದೆಲ್ಲ ಆಗುವುದಿಲ್ಲ, ಎಲ್ಲರಿಗೂ ತಡವಾಗುತ್ತದೆ ಎಂದು ಬುದ್ಧಿ ಹೇಳಿದರು. ತಾವು ಎರಡು ಸಲ ಹಾರಿ ಬಂದಿದ್ದರು. ನನ್ನ ಸರದಿ ಇನ್ನೂ ಇದೆ, ಅದು ಅವಳಿಗೆ, ಅವಳು ನೋಡುವವರೆಗೆ ಈ ಬೋಟು ಇಲ್ಲಿಂದ ಅಲುಗಲಿ ನೋಡೋಣ ಎಂದೆ. ಮೂಲೆಯಿಂದ ನಮ್ಮ ಮನೆಯವರು ಚೀಲ ಬಾಯಿಂದ ತೆಗೆದು, "ಆಕಿ ಹೇಳಿದ್ದು ಮಾಡ್ರಿ, ಇಲ್ಲಾಂದ್ರ ಇಲ್ಲೇ ಸಂಜಿ ಆಗ್ತದ," ಎಂದರು. ಕನ್ನಡ ಅಲ್ಲಿ ಯಾರಿಗೆ ತಿಳಿಯಿತೋ ಕಾಣೆ. ಅವರು ಮತ್ತೆ ಚೀಲಕ್ಕೆ ಬಾಗಿದರು.

ಆಪಾ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೋಟಿನ ಹಲಗೆಯ ಮೇಲೆ ಕೂತು, ಅಂಗಿಯ ಅಂಚು ಮಗುಚಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅಸ್ತರದ್ದು ತಪ್ಪು," ಎಂದಳು. "ಒಂದು ಪಿನ್ನು ಕೊಡು."

"ಬ್ಯಾಡ ಆಪಾ."

"ಕೊಡು ಅಂದೆ."

ಅಸ್ತರ ಬಿಚ್ಚಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ತೆಳು ಬಟ್ಟೆ ಒದ್ದೆಯಾಗಿ ಮೈಗೆ ಅಂಟುತ್ತದೆ. ಇಷ್ಟು ಜನ ಪರಗಂಡಸರ ಮುಂದೆ ಅವಳು ಹಾಗೇ ನಡೆದು ಏಣಿ ಇಳಿಯಬೇಕು, ಹಾಗೇ ಏರಿ ಬರಬೇಕು. ಅಂಗಡಿಯ ಬಾಗಿಲಿಗೆ ಬರುವಾಗಲೂ ದುಪಟ್ಟಾ ಸರಿಮಾಡಿಕೊಂಡು ಬರುವ ಹೆಂಗಸು ಅವಳು. ಒಂದು ಮೀನಿನ ಬಣ್ಣ ನೋಡುವುದಕ್ಕೆ ಅವಳು ಇಷ್ಟು ತೆರಬೇಕೇ ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಪಿನ್ನು ಕೊಟ್ಟೆ.

ನಾನು ಮೈ ಒರೆಸಲೆಂದು ತಂದಿದ್ದ ಬೆಡ್‌ಶೀಟ್ ಹಿಡಿದು ಮರೆಮಾಡಲು ನೋಡಿದೆ. ಒಂದು ತುದಿ ಗಾಳಿಗೆ ಹಾರುತ್ತಿತ್ತು. ಅಷ್ಟರಲ್ಲಿ ತುಂಡು ಚಡ್ಡಿ ತೊಟ್ಟ ಹೊಸ ಮದುವೆಯ ಹುಡುಗಿಯೊಬ್ಬಳು ಎದ್ದು ಬಂದು ಆ ತುದಿ ಹಿಡಿದು ನಿಂತಳು. ನನ್ನ ಭಾಷೆ ಅವಳಿಗೆ ಬಾರದು, ಅವಳದು ನನಗೆ ಬಾರದು. ಗಂಡ ಕರೆದರೂ ಅವಳು ಕದಲಲಿಲ್ಲ. ಮರೆಯೊಳಗೆ ಆಪಾ ಪಿನ್ನಿನಿಂದ ಹೊಲಿಗೆ ಎತ್ತಿ, ದಾರವನ್ನು ಹಲ್ಲಿನಿಂದ ಕಡಿದು, ಪರ್‌ ಎಂದು ಅಸ್ತರ ಕಿತ್ತಳು. ಬಿಳಿ ಕಾಟನ್ನಿನ ಉಂಡೆ ನನ್ನ ಕಾಲ ಬಳಿ ಬಿತ್ತು.

"ಸರಿ," ಎಂದು ಹೊರಗೆ ಬಂದಳು. ಒದ್ದೆ ಬಟ್ಟೆ ನಾವು ಹೆದರಿದ್ದಕ್ಕಿಂತ ಹೆಚ್ಚೇ ಅಂಟಿತ್ತು. ಅವಳು ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಯಾರನ್ನೂ ನೋಡದೆ ಏಣಿಯತ್ತ ನಡೆದಳು. ನೀರಿನಲ್ಲಿದ್ದ ಆ ಹುಡುಗ ಮತ್ತೆ ಕ್ಯಾಮೆರಾ ಎತ್ತಿದ. ನಾನು ಏಣಿಯ ಮೇಲಿನಿಂದ ಬಗ್ಗಿ ಅಂಗೈಯನ್ನು ಆ ಕ್ಯಾಮೆರಾಕ್ಕೆ ಅಡ್ಡ ಒತ್ತಿ ಹಿಡಿದೆ. ವಿಡಿಯೋ ಪ್ಯಾಕೇಜಿನಲ್ಲೇ ಇದೆ ಎಂದ. ನಮಗೆ ಬೇಡ ಎಂದೆ. ಆಮೇಲೆ ಕೇಳಿದರೆ ಸಿಗುವುದಿಲ್ಲ ಎಂದ. ಇನ್ನೊಂದು ಮಾತಾಡಿದರೆ ಕ್ಯಾಮೆರಾ ಸಮುದ್ರದ ಪಾಲು ಎಂದೆ. ನಿಜವಾಗಿಯೂ ಹಾಗೇ ಮಾಡುತ್ತಿದ್ದೆ.

ಆಪಾ ಮುಖ ಕೆಳಗೆ ಮಾಡಿದಳು. ಈ ಸಲ ಮಗುಚಲಿಲ್ಲ. ಕೊಳವೆಯೊಂದು ಮೇಲೆ ನಿಂತಿತ್ತು, ನೀಲಿ ಬೆನ್ನು ಅಲೆಯೊಂದಿಗೆ ಏರಿ ಇಳಿಯುತ್ತಿತ್ತು. ಹುಡುಗ ರಿಂಗ್ ಎಳೆದುಕೊಂಡು ಒಂದು ಸುತ್ತು ಹಾಕಿಸಿದ. ಅವಳು ಒಮ್ಮೆ ಮಾತ್ರ ತಲೆ ಎತ್ತಿ, ಕೊಳವೆ ಬಾಯಿಂದ ತೆಗೆದು, ನನ್ನ ಕಡೆ ನೋಡಿದಳು.

"ಅದಾವ," ಎಂದಳು. "ಖರೇನ ಅದಾವ. ಮಿಲ್ಲಿನವ್ರು ಬಣ್ಣ ಕಡಿಮಿ ಹಚ್ಯಾರ."

ಮತ್ತೆ ಮುಖ ಇಟ್ಟಳು. ಸಾಕು ಎಂದು ಹುಡುಗ ರಿಂಗ್ ಎಳೆದರೆ ಕಾಲು ಬಡಿದು ಆಚೆಗೇ ಹೋದಳು. ಚಡ್ಡಿಯವರೆಲ್ಲ ಕಾಯಬೇಕಾಯಿತು. ಚೆನ್ನಾಗಿ ಕಾಯಲಿ ಎಂದು ನಾನು ಏಣಿಯ ಮೇಲೇ ಕೂತೆ. ನನಗೆ ನೀರಿಗಿಳಿಯುವ ಸರದಿ ಉಳಿದಿರಲಿಲ್ಲ, ಅದಕ್ಕೆ ಬೇಸರವೂ ಆಗಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಸಿಟ್ಟಿನಿಂದ ಬರೆಯುತ್ತಿರಲಿಲ್ಲ. ನಾವು ಸುರಪುರ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಬೋಟಿನವರು ಮೊದಲ ಸಲದ್ದನ್ನು ನಗೆಯ ಸಂಗೀತ ಕೂಡಿಸಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಉಬ್ಬಿದ ಹೊಟ್ಟೆ, ಅದನ್ನು ಒತ್ತುವ ಕೈ, ಅಂಗಾತ ತೇಲುವ ಆಪಾ. ಯಾರು ಯಾರಿಗೆ ಕಳಿಸಿದರೋ, ನಮ್ಮ ಓಣಿಯ ಒಂದು ಫೋನೂ ಬಾಕಿ ಉಳಿದಿರಲಿಲ್ಲ. ಬೋಟಿನವರಿಗೆ ಫೋನ್ ಮಾಡಿ ಜಗಳ ತೆಗೆದೆ. ಜನ ಬಹಳ ಮೆಚ್ಚಿದ್ದಾರೆ ಮೇಡಂ, ನೀವು ಖುಷಿಪಡಬೇಕು ಎಂದರು. ಕೊನೆಗೆ ತೆಗೆದುಹಾಕಿದರು, ಆದರೆ ಆಗಲೇ ಊರೆಲ್ಲ ಹಂಚಿಹೋಗಿದ್ದನ್ನು ಯಾರು ತೆಗೆಯಬೇಕು?

ಮೊದಲು ನಕ್ಕರು, ಆಮೇಲೆ ಬುದ್ಧಿ ಹೇಳಲು ಬಂದರು. ನಮ್ಮ ಚಾಚಾನ ಮಗ, ಅಂದರೆ ಚಿಕ್ಕಪ್ಪನ ಮಗ, ಅಂಗಡಿಯ ಹೊಸ್ತಿಲಲ್ಲಿ ನಿಂತು, "ಈ ವಯಸ್ಸಿನ್ಯಾಗ ಪರಗಂಡಸರ ಮುಂದ ಮೈ ತೋರ್ಸೂದು ಛಲೋ ಅಲ್ಲ ಆಪಾ. ನಾವು ಮಾರಿ ಎತ್ತಿ ಓಡಾಡಬೇಕೋ ಬ್ಯಾಡೋ," ಎಂದ. ಎಲ್ಲಿ ಮೈ ಕಂಡಿತು ಇವನಿಗೆ? ಆ ವಿಡಿಯೋದಲ್ಲಿ ಇದ್ದದ್ದು ಅಸ್ತರ ಬಿಚ್ಚುವ ಮೊದಲಿನ ಆಪಾ. ಅಂದು ಆ ಸಮುದ್ರದಲ್ಲಿ ಅವಳಷ್ಟು ಬಟ್ಟೆ ತೊಟ್ಟವರು ಇನ್ನೊಬ್ಬರಿರಲಿಲ್ಲ. ಬಟ್ಟೆ ಹೆಚ್ಚಾಯಿತೆಂದು ಅಲ್ಲಿ ನಕ್ಕರು, ಕಡಿಮೆಯಾಯಿತೆಂದು ಇಲ್ಲಿ ಬೈದರು. ಇವರಿಬ್ಬರಿಗೂ ಒಪ್ಪುವ ಹಾಗೆ ಒಬ್ಬ ಹೆಂಗಸು ನೀರಿಗೆ ಇಳಿಯುವುದು ಹೇಗೆ, ಯಾರಾದರೂ ನನಗೆ ಹೇಳಲಿ. ನಾನು ಅವನಿಗೆ ಇದನ್ನೆಲ್ಲ ಒದರಿದೆ. ಆಪಾ ಮಾತ್ರ ಮಿಷನ್ ನಿಲ್ಲಿಸಲಿಲ್ಲ. ಅವತ್ತಿನಿಂದ ಅವಳು ಮಾತು ಕಡಿಮೆ ಮಾಡಿದಳು. ಸಮುದ್ರದ ಹೆಸರು ಎತ್ತುವುದನ್ನಂತೂ ಬಿಟ್ಟೇಬಿಟ್ಟಳು.

ಜುಮ್ಮಾದ ದಿನ, ಶುಕ್ರವಾರ, ನಮ್ಮ ಫುಪ್ಪು ಹೇಳಿ ಕಳಿಸಿದಳು. ಫುಪ್ಪು ಅಂದರೆ ಅಬ್ಬಾನ ಅಕ್ಕ, ನಮ್ಮ ಮನೆತನದಲ್ಲಿ ಈಗ ಎಲ್ಲರಿಗಿಂತ ಹಿರಿಯಳು. ಮಂಚದಿಂದ ಏಳಲಾರಳು, ಕಿವಿಯೂ ಮಂದ, ಆದರೆ ಅವಳ ಮಾತನ್ನು ಮೀರುವ ಧೈರ್ಯ ಇವತ್ತಿಗೂ ಯಾರಿಗೂ ಇಲ್ಲ. ಆಪಾ ಹೊರಟಳು. ನಾನು ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಲೇ ಬೆನ್ನಿಗೆ ನಡೆದೆ. ಹೋಗಿ ನೋಡಿದರೆ ಪಡಸಾಲೆಯ ತುಂಬ ಜನ. ಚಾಚಿಯರು, ಸೊಸೆಯಂದಿರು, ಬಾಗಿಲಿಗೆ ಒರಗಿ ಆ ಚಾಚಾನ ಮಗ. ಯಾರೋ ಫುಪ್ಪುಗೆ ವಿಡಿಯೋ ತೋರಿಸಿ ಆಗಿತ್ತು.

ಆಪಾ ತಲೆ ತಗ್ಗಿಸಿ ಸಲಾಮ್ ಮಾಡಿದಳು. ಫುಪ್ಪು ಕೈ ಹಿಡಿದು ಮಂಚದ ಮೇಲೇ ಕೂರಿಸಿಕೊಂಡಳು.

"ಊರೆಲ್ಲ ನಿನ್ನ ನೋಡ್ಯದ," ಎಂದಳು. "ನೀ ಏನ್ ನೋಡ್ದಿ, ಅದನ್ನ ಹೇಳು."

ಬಂದ ದಿನದಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜಗಳದ ಭರದಲ್ಲಿ ನಾನೂ ಕೇಳಿರಲಿಲ್ಲ. ಬೋಟಿನಲ್ಲಿ ಅಳದವಳು, ಚಾಚಾನ ಮಗನ ಮುಂದೆ ಅಳದವಳು, ಆಪಾ ಫುಪ್ಪುವಿನ ಕೈಗೆ ಹಣೆ ಹಚ್ಚಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹೇಳತೊಡಗಿದಳು.

"ಜೋರಾಗಿ ಹೇಳು, ನನಗ ಕೇಳಂಗಿಲ್ಲ," ಎಂದಳು ಫುಪ್ಪು.

ಆಪಾ ಜೋರಾಗಿ ಹೇಳಿದಳು. ಜಿಂಕೆಯ ಕೊಂಬಿನಂಥ ಹವಳ ಇದ್ದದ್ದು, ಅದರ ಸಂದಿಯಿಂದ ಹಳದಿ ಮೀನಿನ ಹಿಂಡು ಒಮ್ಮೆಲೇ ತಿರುಗಿದ್ದು, ಒಂದು ಹಸಿರು ಮೀನು ತನ್ನ ಮುಖದ ಎದುರೇ ಬಂದು ನಿಂತು ನೋಡಿದ್ದು, ನೀರಿನೊಳಗೆ ತನ್ನ ಉಸಿರು ತನಗೇ ಕೇಳಿಸಿದ್ದು. ಫುಪ್ಪು ನಡುನಡುವೆ ತಡೆದು, ಯಾವ ಹಸಿರು, ಎಷ್ಟು ದೊಡ್ಡದು, ಕಚ್ಚಲಿಲ್ಲವೇ ಎಂದು ಕೇಳಿದಳು. ಆಪಾ ಮತ್ತೆ ಮೊದಲಿನಿಂದ, ಇನ್ನಷ್ಟು ಜೋರಾಗಿ ಹೇಳಬೇಕಾಯಿತು. ಅವಳ ದನಿ ಪಡಸಾಲೆ ದಾಟಿ ಓಣಿಗೆ ಕೇಳುತ್ತಿತ್ತು. ನಾನು ತಂದ ಜಗಳದ ಮಾತೆಲ್ಲ ಬಾಯಲ್ಲೇ ಉಳಿಯಿತು. ಹೊಸ್ತಿಲ ಬಳಿ ಕೂತು ಕೇಳಿದೆ, ನಾನೂ ನೋಡಿರಲಿಲ್ಲವಲ್ಲ. ಬಾಗಿಲಿಗೆ ಒರಗಿದ್ದ ಚಾಚಾನ ಮಗ ಸ್ವಲ್ಪ ಹೊತ್ತು ಕಾಲು ಬದಲಿಸುತ್ತ ನಿಂತಿದ್ದ. ಆಮೇಲೆ ಅವನೂ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು, "ಆ ಹಸಿರ ಮೀನ ಆಮ್ಯಾಲ ಎಲ್ಲಿ ಹೋತು?" ಎಂದು ಆಪಾನನ್ನು ಕೇಳಿದ.